ಬಂಡಾಯ ನಿಗ್ರಹದಲ್ಲಿ ಗೆಲುವನ್ನು ಅಳೆಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಛತ್ತೀಸಗಡದ ಬಸ್ತರ್‌ನಲ್ಲಿ ಮಾವೋವಾದಿಗಳ ವಿರುದ್ಧದ ಕಾರ್ಯಾಚರಣೆಗಳು, ಮಲೆನಾಡಿನ ನಕ್ಸಲರ ಶರಣಾಗತಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಇಂಥ ಹೋರಾಟದಲ್ಲಿ ಪಡೆಗಳು ಮುಂದೆ ಹೋಗುತ್ತಿವೆಯೋ ಹಿಂದೆ ಬೀಳುತ್ತಿವೆಯೋ ಎಂದು ತಿಳಿಯುವುದು ಹೇಗೆ? ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಪ್ರತಿ ಎನ್‌ಕೌಂಟರ್ ಆದಮೇಲೂ ಟಿವಿಯಲ್ಲಿ ‘ಇಷ್ಟು ಮಂದಿ ಹತ’ ಎಂಬ ಸಂಖ್ಯೆಯೇ ಮೊದಲು ಬರುತ್ತದೆ. ಶತ್ರು ಕಡಿಮೆಯಾದಷ್ಟೂ ಗೆಲುವು ಹತ್ತಿರ ಬಂದಂತೆ ಅಲ್ಲವೇ? (ಶಿವಮೊಗ್ಗದ ಓದುಗರು)

ಎರಡು ದೇಶಗಳ ಸೇನೆಗಳು ಎದುರುಬದುರು ನಿಂತ ಯುದ್ಧದಲ್ಲಿ ಈ ಲೆಕ್ಕ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಬಂಡಾಯದಲ್ಲಿ ನಡೆಯುವುದಿಲ್ಲ. ಬಂಡುಕೋರರ ಗುಂಪಿಗೆ ಒಂದು ಕಡೆಯಿಂದ ಜನ ಸೇರುತ್ತಲೇ ಇರುತ್ತಾರೆ, ಇನ್ನೊಂದು ಕಡೆಯಿಂದ ಸಾಯುತ್ತ, ಸಿಕ್ಕಿಬೀಳುತ್ತ, ಬಿಟ್ಟುಹೋಗುತ್ತ ಇರುತ್ತಾರೆ. ಹೊರಹೋದವರನ್ನು ಮಾತ್ರ ಎಣಿಸಿದರೆ ಒಳಗೆ ಉಳಿದವರೆಷ್ಟು ಎಂದು ಗೊತ್ತಾಗುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸಮವಸ್ತ್ರವೇ ಇಲ್ಲದ ಕದನದಲ್ಲಿ, ಸತ್ತವನು ಬಂಡುಕೋರ ಎಂದು ಪ್ರಮಾಣಪತ್ರ ಕೊಡುವವರೂ ಗುಂಡು ಹಾರಿಸಿದವರೇ ಆಗಿರುತ್ತಾರೆ.

ವಿಯೆಟ್ನಾಂನಲ್ಲಿ ಅಮೆರಿಕದ ಸೇನೆ ಹೆಣಗಳ ಎಣಿಕೆಯನ್ನೇ ಮುಖ್ಯ ಅಳತೆಗೋಲು ಮಾಡಿಕೊಂಡಿತ್ತು. ಎದುರಾಳಿ ಭರ್ತಿ ಮಾಡಿಕೊಳ್ಳುವುದಕ್ಕಿಂತ ವೇಗವಾಗಿ ಅವನನ್ನು ಕೊಲ್ಲುವ ಘಟ್ಟ ಮುಟ್ಟಿದರೆ ಯುದ್ಧ ಗೆದ್ದಂತೆ ಎಂಬುದು ಅಲ್ಲಿನ ಅಮೆರಿಕದ ಪಡೆಗಳ ಮುಖ್ಯಸ್ಥ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರ ಲೆಕ್ಕಾಚಾರ. 1967ರಲ್ಲಿ ಆ ಘಟ್ಟ ಬಂತೆಂದೂ ಹೇಳಿದರು. 1968ರ ಜನವರಿ ಕೊನೆಯಲ್ಲಿ ಕಮ್ಯುನಿಸ್ಟ್ ಪಡೆಗಳ ದೇಶವ್ಯಾಪಿ ‘ಟೆಟ್ ದಾಳಿ’ ನಡೆದು, ದಕ್ಷಿಣ ವಿಯೆಟ್ನಾಂನ 44 ಪ್ರಾಂತೀಯ ರಾಜಧಾನಿಗಳಲ್ಲಿ 36ರ ಮೇಲೆ ಏಟು ಬಿತ್ತು. ಆಮೇಲೂ ಅಳತೆಗೋಲು ಬದಲಾಗಲಿಲ್ಲ. 1968ರ ಡಿಸೆಂಬರ್‌ನಿಂದ 1969ರ ಮೇ ತನಕ ಮೆಕಾಂಗ್ ಡೆಲ್ಟಾದಲ್ಲಿ 9ನೇ ಪದಾತಿ ಡಿವಿಷನ್ ನಡೆಸಿದ ‘ಸ್ಪೀಡಿ ಎಕ್ಸ್‌ಪ್ರೆಸ್’ ಕಾರ್ಯಾಚರಣೆಯ ವರದಿ ನೋಡಿ: ಹತರಾದ ಶತ್ರುಗಳು 10,899, ವಶವಾದ ಆಯುಧಗಳು 748. ಭಾಗಿಸಿದರೆ ಹದಿನಾಲ್ಕೂವರೆ ಶವಕ್ಕೆ ಒಂದು ಆಯುಧ. ಹೋರಾಡುತ್ತ ಸತ್ತವರ ಪಕ್ಕದಲ್ಲಿ ಆಯುಧ ಇರಬೇಕು. ಕೆಲವನ್ನು ಸಂಗಡಿಗರು ಹೊತ್ತೊಯ್ದಿದ್ದಾರೆ ಎಂದರೂ ಇಷ್ಟು ಅಂತರ ಬರುವುದಿಲ್ಲ. ಆ ಸೇನೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ಆಮೇಲೆ, ಸತ್ತವರಲ್ಲಿ 5,000ದಿಂದ 7,000 ಮಂದಿ ನಾಗರಿಕರಿರಬಹುದು ಎಂದು ಅಂದಾಜಿಸಿತು.

ಕೊಲಂಬಿಯಾದಲ್ಲಿ ನಡೆದದ್ದು ಇನ್ನೂ ಘೋರ. ಫಾರ್ಕ್ ಎಂಬ ಎಡಪಂಥೀಯ ಬಂಡುಕೋರ ಸಂಘಟನೆಯ ಗೆರಿಲ್ಲಾಗಳ ವಿರುದ್ಧ ಹೋರಾಡುತ್ತಿದ್ದ ಸೇನೆಯಲ್ಲಿ ಘಟಕಗಳ ಯೋಗ್ಯತೆಯನ್ನು ಕೊಂದವರ ಸಂಖ್ಯೆಯಿಂದ ಅಳೆಯುತ್ತಿದ್ದರು. ರಜೆ, ಪದಕ, ಬಡ್ತಿ ಎಲ್ಲವೂ ಅದಕ್ಕೆ ತಗಲಿಕೊಂಡಿದ್ದವು. 2005ರಲ್ಲಿ ರಕ್ಷಣಾ ಸಚಿವಾಲಯ ಹೊರಡಿಸಿದ ಒಂದು ನಿರ್ದೇಶನ ಹಣದ ಬಹುಮಾನವನ್ನೂ ನಿಗದಿ ಮಾಡಿತು. ರಾಜಧಾನಿ ಬೊಗೊಟಾದ ಅಂಚಿನ ಸೋವಾಚಾದ ಬಡ ಯುವಕರನ್ನು ಕೆಲಸ ಕೊಡಿಸುತ್ತೇವೆಂದು ನೂರಾರು ಕಿಲೋಮೀಟರ್ ದೂರ ಕರೆದೊಯ್ದು, ಕೊಂದು, ಗೆರಿಲ್ಲಾ ಬಟ್ಟೆ ತೊಡಿಸಿ ಲೆಕ್ಕಕ್ಕೆ ಸೇರಿಸಿದ್ದು 2008ರಲ್ಲಿ ಬಯಲಾಯಿತು. 2002ರಿಂದ 2008ರ ನಡುವೆ ಹೀಗೆ ಕನಿಷ್ಠ 6,402 ಮಂದಿ ಸತ್ತರೆಂದು ಅಲ್ಲಿನ ಶಾಂತಿ ನ್ಯಾಯಮಂಡಳಿ 2021ರಲ್ಲಿ ಪ್ರಕಟಿಸಿತು. ಸಂಖ್ಯೆಗೆ ಬಹುಮಾನ ಕಟ್ಟಿದರೆ ಸಂಖ್ಯೆ ತಾನಾಗಿ ಬೆಳೆಯುತ್ತದೆ. ಅದು ಏನನ್ನು ತೋರಿಸಬೇಕಿತ್ತೋ ಅದು ಮಾತ್ರ ಇದ್ದಲ್ಲೇ ಇರುತ್ತದೆ. ಈ ವಿಷಯದಲ್ಲಿ ನಮ್ಮ ಖಚಿತ ಅಭಿಪ್ರಾಯ ಇಷ್ಟು: ಯಾವ ಅಂಕಿಯ ಮೇಲೆ ಪದಕ, ಹಣ, ಬಡ್ತಿ ನಿಂತಿದೆಯೋ ಆ ಅಂಕಿಯನ್ನು ಎಣಿಸುವ ಕೆಲಸ ಅದೇ ಘಟಕದ ಕೈಯಲ್ಲಿ ಇರಕೂಡದು.

ಹಾಗೆಂದು ಹತರ ಸಂಖ್ಯೆಗೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ. 2025ರ ಮೇ 21ರಂದು ಬಸ್ತರ್‌ನ ಅಬೂಜ್‌ಮಾಡ್ ಕಾಡಿನಲ್ಲಿ ಸಿಪಿಐ (ಮಾವೋವಾದಿ) ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವ ರಾವ್ ಸತ್ತದ್ದು ಆ ಸಂಘಟನೆಗೆ ಬಿದ್ದ ನಿಜವಾದ ಹೊಡೆತ. ಅಲ್ಲಿ ತೂಕವಿರುವುದು ಸತ್ತವನ ಸ್ಥಾನಕ್ಕೆ. ಮುಂದೆ ‘ಇಷ್ಟು ಮಂದಿ ಹತ’ ಎಂದು ಕೇಳಿದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಆಯುಧ ಎಷ್ಟು ಸಿಕ್ಕವು, ಯಾವ ಬಗೆಯವು? ಪಡೆಯ ಕಡೆ ಗಾಯಗೊಂಡವರಿದ್ದಾರೆಯೇ? ಸತ್ತವರಲ್ಲಿ ಎಷ್ಟು ಮಂದಿಯ ಹೆಸರು ಅದಕ್ಕೂ ಮೊದಲೇ ಪೊಲೀಸ್ ಕಡತದಲ್ಲಿತ್ತು? ಶವ ಪಡೆಯಲು ಬಂದವರು ಯಾರು?

ಪ್ರಶ್ನೆ: ಹಾಗಾದರೆ ಒಂದು ಬೆಟಾಲಿಯನ್ ಅಥವಾ ಜಿಲ್ಲಾ ಪೊಲೀಸ್ ಕಚೇರಿ ನಿತ್ಯ ಏನನ್ನು ಬರೆದಿಡಬೇಕು? ಪುಸ್ತಕದ ಮಾತು ಬೇಡ, ನಮೂನೆ ಬೇಕು. (ಮಡಿಕೇರಿಯ ನಿವೃತ್ತ ಸೈನಿಕರು)

ಮೊದಲ ಕಾಲಂ ಶ್ರಮದ್ದು. ಈ ತಿಂಗಳು ಎಷ್ಟು ಗಸ್ತು ಹೊರಟವು, ಎಷ್ಟು ರಾತ್ರಿ ಕ್ಯಾಂಪಿನ ಹೊರಗೆ ಕಳೆದವು, ಯಾವ ಹಳ್ಳಿಗಳನ್ನು ಮುಟ್ಟಿದವು. ಇದಿಲ್ಲದೆ ಬರೆದ ಘಟನೆಗಳ ಸಂಖ್ಯೆಗೆ ಅರ್ಥವಿಲ್ಲ. ಉದಾಹರಣೆಗೆ, ಒಂದು ತಿಂಗಳು 400 ಗಸ್ತು ಹೊರಟು 8 ಬಾರಿ ಗುಂಡಿನ ಚಕಮಕಿ ಆಯಿತೆನ್ನಿ. ಮುಂದಿನ ತಿಂಗಳು 900 ಗಸ್ತು, 12 ಚಕಮಕಿ. ಚಕಮಕಿ ಒಂದೂವರೆ ಪಟ್ಟಾಯಿತು ಎಂದು ಮೇಲಿನ ಕಚೇರಿ ಗಾಬರಿಯಾಗುತ್ತದೆ. ಆದರೆ 100 ಗಸ್ತಿಗೆ 2 ಇದ್ದದ್ದು 1.3ಕ್ಕೆ ಇಳಿದಿದೆ. ತಿರುಗುಮುರುಗಾಗಿ, ಕ್ಯಾಂಪ್ ಬಿಟ್ಟು ಕದಲದ ಕಂಪನಿಗೆ ಯಾವ ಚಕಮಕಿಯೂ ಇರುವುದಿಲ್ಲ. ಅದರ ವರದಿ ಚೊಕ್ಕವಾಗಿ ಕಾಣುತ್ತದೆ. ಹೀಗಾಗಿ ‘ಹೋಗಿ ನೋಡಿದೆವು, ಏನೂ ಇಲ್ಲ’ ಎಂಬುದಕ್ಕೆ ಸೊನ್ನೆ ಹಾಕಬೇಕು, ‘ಹೋಗಲೇ ಇಲ್ಲ’ ಎಂಬುದಕ್ಕೆ ಅಡ್ಡಗೆರೆ. ಎರಡಕ್ಕೂ ಸೊನ್ನೆ ಹಾಕುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ತಪ್ಪು.

ಎರಡನೆಯದು, ಪ್ರತಿ ಚಕಮಕಿಗೂ ಒಂದು ಸಾಲು: ಮೊದಲು ಗುಂಡು ಹಾರಿಸಿದವರು ಯಾರು, ಆ ಜಾಗಕ್ಕೆ ಹೋಗಲು ಕಾರಣವಾದ ಮಾಹಿತಿ ಎಲ್ಲಿಂದ ಬಂತು, ಕ್ಯಾಂಪಿನಿಂದ ಎಷ್ಟು ದೂರ, ಹೊತ್ತು ಎಷ್ಟು. ಇವುಗಳಲ್ಲಿ ಒಂದನ್ನೇ ಆರಿಸು ಎಂದರೆ ‘ಮೊದಲು ಯಾರು’ ಎಂಬುದನ್ನೇ ಆರಿಸಬೇಕು. ಹತ್ತರಲ್ಲಿ ಏಳು ಬಾರಿ ಎದುರಾಳಿಯೇ ಮೊದಲು ಹೊಡೆಯುತ್ತಿದ್ದರೆ ಜಾಗ, ಹೊತ್ತು ಎರಡನ್ನೂ ನಿರ್ಧರಿಸುತ್ತಿರುವವನು ಅವನು. ಕೊನೆಗೆ ಯಾರು ಎಷ್ಟು ಸತ್ತರು ಎಂಬುದು ಹೇಗೇ ಇರಲಿ, ಹಿಡಿತ ಅವನದು. ಆ ಏಳು ಮೂರಕ್ಕೆ ಇಳಿದರೆ ಪಡೆಗೆ ಮಾಹಿತಿ ಸಿಗತೊಡಗಿದೆ ಎಂದರ್ಥ.

ಐಇಡಿಗೆ, ಅಂದರೆ ಬಂಡುಕೋರರು ತಾವೇ ತಯಾರಿಸಿ ಹೂತಿಡುವ ಬಾಂಬಿಗೆ, ಮೂರು ಕಾಲಂ ಬೇಕು: ಸಿಡಿದದ್ದು, ಪಡೆಯವರೇ ಯಂತ್ರ ಅಥವಾ ನಾಯಿಯಿಂದ ಪತ್ತೆ ಮಾಡಿದ್ದು, ಹಳ್ಳಿಯವರು ತೋರಿಸಿಕೊಟ್ಟದ್ದು. ಎರಡನೆಯ ಕಾಲಂ ತರಬೇತಿಯನ್ನು ತೋರಿಸುತ್ತದೆ. ಮೂರನೆಯದು ತೋರಿಸುವುದು, ಒಬ್ಬ ಹಳ್ಳಿಗ ಜೀವದ ಅಪಾಯ ಎದುರಿಸಿ ಯಾರ ಪಕ್ಕ ನಿಂತ ಎಂಬುದನ್ನು. ಇದಕ್ಕೆ ನಗದು ಬಹುಮಾನ ಇಟ್ಟರೆ ತುಕ್ಕುಹಿಡಿದ ಹಳೆಯ ಮದ್ದುಗುಂಡು ತಂದುಕೊಡುವವರು ಹೆಚ್ಚುತ್ತಾರೆ. ಆಗ ಕೆಲಸ ಮಾಡುವ ಸ್ಥಿತಿಯಲ್ಲಿದ್ದ ಬಾಂಬುಗಳನ್ನು ಬೇರೆಯಾಗಿ ಎಣಿಸಬೇಕು.

ಮಾಹಿತಿಯ ಪುಸ್ತಕವೂ ಬೇಕು: ತಾವಾಗಿ ಬಂದ ಸುಳಿವು ಎಷ್ಟು, ಅವುಗಳಲ್ಲಿ 24 ತಾಸಿನೊಳಗೆ ಹೊರಟದ್ದು ಎಷ್ಟರ ಮೇಲೆ, ನಿಜವಾದದ್ದು ಎಷ್ಟು. ಸುಳಿವು ಬರುತ್ತಿದ್ದೂ ಯಾರೂ ಹೊರಡದಿದ್ದರೆ ಎರಡು ತಿಂಗಳಲ್ಲಿ ಸುಳಿವೇ ನಿಲ್ಲುತ್ತದೆ. ಕಾರಣ ಪಡೆಯ ಒಳಗೇ ಇದೆಯೆಂದು ಈ ಪುಸ್ತಕ ಇಲ್ಲದೆ ಗೊತ್ತಾಗುವುದಿಲ್ಲ.

ನಾಗರಿಕರಿಗಾದ ಹಾನಿಗೆ ಪ್ರತ್ಯೇಕ ಪುಟ. ಮಾಹಿತಿದಾರನೆಂಬ ಶಂಕೆಯಿಂದ ಬಂಡುಕೋರರು ಕೊಂದವರು, ಪಡೆಯ ಗುಂಡಿಗೆ ಬಿದ್ದವರು, ಮನೆ-ಬೆಳೆ ಹಾಳಾದವರು, ಪರಿಹಾರ ಕೈಗೆ ಬರಲು ಹಿಡಿದ ದಿನಗಳು. ಇದನ್ನು ಪಡೆಯ ಅಧಿಕಾರಿಗಿಂತ ತಹಶೀಲ್ದಾರ ಕಚೇರಿ ಬರೆಯುವುದು ಒಳ್ಳೆಯದು.

ಇನ್ನು ಬದುಕಿನ ಗುರುತುಗಳು. ಕೊನೆಯ ಬಸ್ಸು ಎಷ್ಟು ಗಂಟೆಗೆ, ಸಂತೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮೇಷ್ಟ್ರು ಮತ್ತು ನರ್ಸ್ ರಾತ್ರಿ ಊರಲ್ಲೇ ಉಳಿಯುತ್ತಾರೆಯೇ, ರೇಷನ್ ಅಂಗಡಿ ಹಳ್ಳಿಯಲ್ಲಿದೆಯೋ ಕ್ಯಾಂಪಿನ ಪಕ್ಕಕ್ಕೆ ಸ್ಥಳಾಂತರವಾಗಿದೆಯೋ. ಅಫ್ಘಾನಿಸ್ತಾನದಲ್ಲಿ ಸಲಹೆಗಾರರಾಗಿದ್ದ ಆಸ್ಟ್ರೇಲಿಯಾದ ಮಾಜಿ ಸೇನಾಧಿಕಾರಿ ಡೇವಿಡ್ ಕಿಲ್ಕಲನ್ ಅವರು ಹೊರಗಿನಿಂದ ಬರುವ ತರಕಾರಿಯ ಬೆಲೆ, ಸಾಗಾಟದ ದರ ನೋಡಿ ಎಂದಿದ್ದರು. ದಾರಿಯಲ್ಲಿ ಕೊಡಬೇಕಾದ ಸುಲಿಗೆ, ಲಾರಿ ಚಾಲಕನ ಭಯ ಎರಡೂ ಆ ಬೆಲೆಯೊಳಗೆ ಸೇರಿಕೊಂಡಿರುತ್ತವೆ. ಬಸ್ತರ್‌ಗೆ ಇದನ್ನು ಹೊಂದಿಸುವುದಾದರೆ ಒಳಹಳ್ಳಿಯ ಸಂತೆಯಲ್ಲಿ ಉಪ್ಪು, ಎಣ್ಣೆಯ ಬೆಲೆಗೂ ಹೆದ್ದಾರಿ ಪಟ್ಟಣದ ಬೆಲೆಗೂ ಇರುವ ಅಂತರ ಬರೆದಿಡಬೇಕು. ಬೀಡಿ ಕಟ್ಟುವ ತೆಂಡು ಎಲೆಯ ಗುತ್ತಿಗೆದಾರ ಮಾವೋವಾದಿಗಳಿಗೆ ತೆರುತ್ತಿರುವ ಪಾಲು ಏರಿದೆಯೋ ಇಳಿದಿದೆಯೋ ವಿಚಾರಿಸಬೇಕು. ಅಲ್ಲಿನ ದೋರ್ನಾಪಾಲ್–ಜಗರಗುಂಡ ರಸ್ತೆ ಎಷ್ಟು ಕಿಲೋಮೀಟರ್ ಆಯಿತು ಎಂಬುದು ಮಾಡಿದ ಕೆಲಸದ ಲೆಕ್ಕ. ಆ ರಸ್ತೆಯಲ್ಲಿ ಕಾವಲಿಲ್ಲದೆ ಖಾಸಗಿ ಬಸ್ಸು ಓಡಿತೇ ಎಂಬುದು ಫಲದ ಲೆಕ್ಕ. ವರದಿಗಳಲ್ಲಿ ಮೊದಲನೆಯದು ತುಂಬಿರುತ್ತದೆ, ಎರಡನೆಯದಕ್ಕೆ ಕಾಲಂ ಇರುವುದಿಲ್ಲ.

ಒಂದು ಚಿಕ್ಕ ಗಣಿತ. ತಿಂಗಳಿಗೆ ಬೆರಳೆಣಿಕೆಯ ಘಟನೆ ನಡೆಯುವ ಕಡೆ ಸಂಖ್ಯೆ ತಾನಾಗಿಯೇ ಏರಿಳಿಯುತ್ತದೆ. ಎರಡು ಅವಧಿಗಳ ಸಂಖ್ಯೆ ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಕಳೆದ ತಿಂಗಳು 9, ಈ ತಿಂಗಳು 5: ಮೊತ್ತ 14, ವರ್ಗಮೂಲ ಸುಮಾರು 3.7, ಎರಡು ಪಟ್ಟು 7.5. ವ್ಯತ್ಯಾಸ ಬರೀ 4. ಸುಮಾರು ಅರ್ಧದಷ್ಟು ಇಳಿಕೆ ಎಂದು ಪತ್ರಿಕಾಗೋಷ್ಠಿ ಕರೆಯುವಂಥದ್ದು ಇದರಲ್ಲಿಲ್ಲ. ದೊಡ್ಡ ದಾಳಿಯಾದ ತಿಂಗಳ ನಂತರ ಸಂಖ್ಯೆ ಇಳಿಯುವುದೂ ಸಹಜ. ಅದೇ ವೇಳೆಗೆ ಬಂದಿಳಿದ ಹೊಸ ಪಡೆಗೆ ಅದರ ಶ್ರೇಯ ಕೊಡುವ ಮುನ್ನ ಆರು ತಿಂಗಳು ಕಾಯಬೇಕು.

ಇಷ್ಟೆಲ್ಲ ಇದ್ದರೂ ಪುಸ್ತಕ ಕೆಡುವುದು ಘಟಕ ಬದಲಾದಾಗ. ಹಳೆಯ ಕಂಪನಿ ಕರಪತ್ರ ಸಿಕ್ಕದ್ದನ್ನೂ ‘ಘಟನೆ’ ಎಂದು ಬರೆದಿರುತ್ತದೆ, ಹೊಸದು ಗುಂಡು ಹಾರಿದರೆ ಮಾತ್ರ ಬರೆಯುತ್ತದೆ. ಹಿಂಸೆ ಇದ್ದಷ್ಟೇ ಇದ್ದರೂ ಕಾಗದದ ಮೇಲೆ ಅರ್ಧವಾಗುತ್ತದೆ. ಯಾವುದನ್ನು ಘಟನೆ ಎನ್ನಬೇಕು ಎಂಬ ಒಂದು ಪುಟದ ವಿವರಣೆ ಪುಸ್ತಕದ ಮೊದಲಿಗೇ ಅಂಟಿರಲಿ. ಬದಲಾಯಿಸಿದರೆ ತಾರೀಖು ಹಾಕಿ ಬದಲಾಯಿಸಲಿ.

ಪ್ರಶ್ನೆ: ನಕ್ಸಲ್ ಹಿಂಸೆ ಶೇ 81ರಷ್ಟು ಇಳಿದಿದೆ ಎಂದು ಗೃಹ ಸಚಿವಾಲಯ ಹೇಳಿತ್ತು. ಇಂಥ ಅಂಕಿಯನ್ನು ಪತ್ರಕರ್ತರು ಹೇಗೆ ಓದಬೇಕು? (ಧಾರವಾಡದ ಪತ್ರಿಕೋದ್ಯಮ ವಿದ್ಯಾರ್ಥಿನಿ)

2010ರಲ್ಲಿ 1,936 ಹಿಂಸಾ ಘಟನೆ, 2024ರಲ್ಲಿ 374. ಸತ್ತ ನಾಗರಿಕರು ಮತ್ತು ಭದ್ರತಾ ಸಿಬ್ಬಂದಿ 2010ರಲ್ಲಿ 1,005 (720 ನಾಗರಿಕರು, 285 ಸಿಬ್ಬಂದಿ), 2024ರಲ್ಲಿ 150. ಮೇಲಿನ ಗಣಿತವನ್ನೇ ಹಾಕಿ ನೋಡಿ: ಘಟನೆಗಳ ಮೊತ್ತ 2,310, ವರ್ಗಮೂಲ 48, ಎರಡು ಪಟ್ಟು 96. ವ್ಯತ್ಯಾಸ 1,562. ಇಳಿಕೆ ನಿಜ, ಅನುಮಾನ ಬೇಡ. ಆದರೆ 2010 ಅತಿ ಕೆಟ್ಟ ವರ್ಷ. ಏಪ್ರಿಲ್ 6ರಂದು ಬಸ್ತರ್‌ನ ತಾಡ್‌ಮೆಟ್ಲದಲ್ಲಿ ಒಂದೇ ಬೆಳಗ್ಗೆ 76 ಸಿಬ್ಬಂದಿ ಸತ್ತ ವರ್ಷ ಅದು. ಶಿಖರದಿಂದ ಅಳೆದರೆ ಇಳಿಜಾರು ಕಡಿದಾಗಿಯೇ ಕಾಣುತ್ತದೆ. ನಡುವಿನ ಎಲ್ಲ ವರ್ಷಗಳ ಅಂಕಿಯನ್ನೂ ಸಾಲಾಗಿ ಇಟ್ಟುಕೊಂಡು ಬರೆಯಿರಿ.

ತಿಂಗಳ ಲೆಕ್ಕ ಬರೆಯುವಾಗ ಋತುವನ್ನು ಮರೆಯಬೇಡಿ. ಬಸ್ತರ್‌ನಲ್ಲಿ ಮಾವೋವಾದಿಗಳು ನಡೆಸಿದ ದೊಡ್ಡ ದಾಳಿಗಳ ತಿಂಗಳು ನೋಡಿ: ತಾಡ್‌ಮೆಟ್ಲ ಏಪ್ರಿಲ್ 2010, ಝೀರಂ ಘಾಟಿ ಮೇ 2013, 25 ಸಿಆರ್‌ಪಿಎಫ್ ಯೋಧರು ಸತ್ತ ಬುರ್ಕಾಪಾಲ್ ಏಪ್ರಿಲ್ 2017, 22 ಮಂದಿ ಸತ್ತ ಸುಕ್ಮಾ-ಬಿಜಾಪುರ ಗಡಿಯ ದಾಳಿ ಏಪ್ರಿಲ್ 2021, ಅರಣ್‌ಪುರ ಏಪ್ರಿಲ್ 2023. ಎಲೆ ಉದುರಿ ಕಾಡು ಬಯಲಾಗಿ ಓಡಾಟ ಸುಲಭವಾಗುವ ಬೇಸಿಗೆಯಲ್ಲೇ ಮಾವೋವಾದಿಗಳು ತಮ್ಮ ವಾರ್ಷಿಕ ಪ್ರತಿದಾಳಿ ಅಭಿಯಾನ ನಡೆಸುತ್ತಿದ್ದರು; ಮಳೆಗಾಲದಲ್ಲಿ ಹಳ್ಳಗಳು ತುಂಬಿ ಎರಡೂ ಕಡೆ ನಡಿಗೆ ನಿಲ್ಲುತ್ತದೆ. ‘ಜೂನ್‌ಗಿಂತ ಆಗಸ್ಟ್‌ನಲ್ಲಿ ಹಿಂಸೆ ಕಡಿಮೆ’ ಎಂಬ ವಾಕ್ಯದಲ್ಲಿ ಮಳೆಯ ಸುದ್ದಿ ಬಿಟ್ಟರೆ ಬೇರೇನೂ ಇಲ್ಲ. ಏಪ್ರಿಲನ್ನು ಹಿಂದಿನ ಏಪ್ರಿಲ್‌ಗೇ ಹೋಲಿಸಬೇಕು.

ಹಿಂಸೆ ಇಲ್ಲದಿರುವುದಕ್ಕೆ ಎರಡು ಅರ್ಥಗಳಿವೆ ಎಂಬುದು ಮೂರನೆಯ ಎಚ್ಚರ. ಸರ್ಕಾರದ ಹಿಡಿತ ಪೂರ್ಣವಾಗಿರುವ ಕಡೆ ಗುಂಡಿನ ಸದ್ದಿಲ್ಲ, ಬಂಡುಕೋರರ ಹಿಡಿತ ಪೂರ್ಣವಾಗಿರುವ ಕಡೆಯೂ ಇಲ್ಲ. ಪೊಲೀಸರು ಕಾಲಿಡದಿದ್ದ ಕಾಲದಲ್ಲಿ ಅಬೂಜ್‌ಮಾಡ್‌ನ ದಾಖಲೆಗಳು ಶಾಂತವಾಗಿಯೇ ಇದ್ದವು. ಹೊಸ ಕ್ಯಾಂಪ್ ಹಾಕಿದ ಮೊದಲ ವರ್ಷ ಅಲ್ಲಿ ಘಟನೆ ಏರಿದರೆ ಅದನ್ನು ಸೋಲೆಂದು ಬರೆಯುವುದು ತಪ್ಪು; ಎರಡನೆಯ, ಮೂರನೆಯ ವರ್ಷವೂ ಇಳಿಯದಿದ್ದರೆ ಆಗ ಪ್ರಶ್ನೆ ಕೇಳಿ.

ಪೀಡಿತ ಜಿಲ್ಲೆಗಳ ಪಟ್ಟಿಯ ಬಗ್ಗೆಯೂ ಒಂದು ಮಾತು. 126 ಇದ್ದದ್ದು 2018ರ ಏಪ್ರಿಲ್‌ನಲ್ಲಿ 90, 2021ರ ಜುಲೈನಲ್ಲಿ 70, 2024ರ ಏಪ್ರಿಲ್‌ನಲ್ಲಿ 38 ಆಯಿತು. 2018ರಲ್ಲಿ 36 ಜಿಲ್ಲೆ ಕಡಿಮೆಯಾಯಿತು ಎಂದರೆ ನಡೆದದ್ದು ಪೂರ್ತಿ ಹೇಳಿದಂತಾಗುವುದಿಲ್ಲ: 44 ಹೊರಹೋದವು, 8 ಹೊಸದಾಗಿ ಸೇರಿದವು, ಹೊಸದರಲ್ಲಿ ನಮ್ಮ ಗಡಿಗೆ ತಗಲಿದ ಕೇರಳದ ವಯನಾಡೂ ಇತ್ತು. ಇದು ಮೂಲತಃ ಭದ್ರತಾ ವೆಚ್ಚವನ್ನು ಕೇಂದ್ರ ಭರಿಸುವ ಜಿಲ್ಲೆಗಳ ಪಟ್ಟಿ. ಪಟ್ಟಿಯಲ್ಲಿದ್ದರೆ ರಾಜ್ಯಕ್ಕೆ ಹಣ, ಹೊರಬಿದ್ದರೆ ಕೇಂದ್ರಕ್ಕೆ ಕೀರ್ತಿ. ಎರಡು ಕಡೆಯ ಎಳೆದಾಟದಲ್ಲಿ ಹುಟ್ಟುವ ಸಂಖ್ಯೆ ಇದು. ಹಳೆಯ ಜಿಲ್ಲೆ ಒಡೆದು ಎರಡಾದರೂ ಬದಲಾಗುತ್ತದೆ. ಜಿಲ್ಲೆಗಿಂತ ಪೊಲೀಸ್ ಠಾಣೆಯ ಮಟ್ಟದ ಅಂಕಿ ಕೇಳಿ ಪಡೆಯಿರಿ.

ಪ್ರಶ್ನೆ: ಮಲೆನಾಡಿನಲ್ಲಿ ಶರಣಾಗತಿಯಾಯಿತು, ರಾಜ್ಯ ನಕ್ಸಲ್‌ಮುಕ್ತ ಎಂದರು. ಶರಣಾದವರ ಸಂಖ್ಯೆ ನಂಬಬಹುದಾದ ಅಳತೆಯೇ? (ಕೊಪ್ಪದ ಓದುಗರು)

ಹತರ ಸಂಖ್ಯೆಗಿಂತ ಖಂಡಿತ ಒಳ್ಳೆಯದು. ಶರಣಾಗುವವನು ತಾನೇ ನಿರ್ಧಾರ ಮಾಡಿರುತ್ತಾನೆ, ಮಾಹಿತಿ ತರುತ್ತಾನೆ, ಅವನ ಹಿಂದೆ ಸೇಡಿನ ಹೊಸ ಭರ್ತಿ ಹುಟ್ಟುವುದಿಲ್ಲ. 1948ರಿಂದ 1960ರ ತನಕ ಮಲಯಾದ ಕಾಡುಗಳಲ್ಲಿ ಕಮ್ಯುನಿಸ್ಟ್ ಬಂಡುಕೋರರ ವಿರುದ್ಧ ಹೋರಾಡಿದ ಬ್ರಿಟಿಷರು ಶರಣಾದವರಿಂದಲೇ ಸಂಗಡಿಗರಿಗೆ ಕರೆ ಕೊಡಿಸಿ ವಿಮಾನದ ಧ್ವನಿವರ್ಧಕದಲ್ಲಿ ಬಿತ್ತರಿಸುತ್ತಿದ್ದರು. ಕೊಲಂಬಿಯಾದ ಸೇನೆಯೂ ಹಗರಣದ ಹೊತ್ತಿಗೆ ತನ್ನ ಕ್ರಮಾಂಕ ಬದಲಿಸಿತು: ಮೊದಲು ಶರಣಾಗತಿ, ಆಮೇಲೆ ಬಂಧನ, ಕೊನೆಗೆ ಸಾವು.

ಆದರೆ ಇದೂ ಕೆಡುತ್ತದೆ. ಜಾರ್ಖಂಡ್‌ನಲ್ಲಿ ರಾಂಚಿ ಸುತ್ತಲಿನ 514 ಯುವಕರಿಗೆ ಅರೆಸೇನಾ ಪಡೆಯಲ್ಲಿ ಕೆಲಸದ ಆಸೆ ತೋರಿಸಿ ನಕ್ಸಲರೆಂದು ಶರಣಾಗಿಸಲಾಯಿತು ಎಂಬ ಆರೋಪ ಮಾನವ ಹಕ್ಕು ಆಯೋಗದ ತನಕ ಹೋಯಿತು. ಯಾವುದೇ ಶರಣಾಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲು ನೋಡಬೇಕಾದದ್ದು: ಆ ಹೆಸರಿನಲ್ಲಿ ಮೊದಲೇ ಪ್ರಕರಣ ಇತ್ತೇ, ಸಂಘಟನೆಯಲ್ಲಿ ಯಾವ ಸ್ಥಾನ, ಆಯುಧ ಎಲ್ಲಿ, ಹೇಳಿಕೆಯಿಂದ ಹೊಸದೇನಾದರೂ ಸಿಕ್ಕಿತೇ, ಒಂದು ವರ್ಷದ ಮೇಲೆ ಆ ವ್ಯಕ್ತಿ ಎಲ್ಲಿದ್ದಾನೆ. ಕೊನೆಯದನ್ನು ಕೇಳುವವರೇ ಕಡಿಮೆ. ಪುನರ್ವಸತಿ ಹಣ ಬಾರದೆ, ಪ್ರಕರಣ ಮುಗಿಯದೆ ಉಳಿದವನ ಕಥೆ ಕಾಡಿನಲ್ಲಿರುವವರ ಕಿವಿಗೂ ಬೀಳುತ್ತದೆ.

ಮಲೆನಾಡಿನ ಸಂಗತಿ ಬೇರೆ. ಇಲ್ಲಿ ಸಂಖ್ಯೆ ತೀರ ಚಿಕ್ಕದು, ಹೆಸರುಗಳೇ ಗೊತ್ತಿದ್ದವು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನ ಎನ್‌ಕೌಂಟರ್, 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾಕೇತ್ ರಾಜನ್ ಸಾವು. ನಾಯಕ ಸತ್ತ ಮೇಲೆ ಮುಗಿಯಿತು ಎನ್ನುವಷ್ಟರಲ್ಲಿ, ವಾರ ತುಂಬುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ ಶಿಬಿರದ ಮೇಲೆ ದಾಳಿಯಾಯಿತು. ಆಮೇಲೆ ಗುಂಪು ಸೊರಗುತ್ತ ಬಂತು. 2024ರ ನವೆಂಬರ್ 18ರಂದು ಹೆಬ್ರಿ ಕಡೆಯ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ ಮೇಲೆ, 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಎದುರು ಶರಣಾದರು. ಆಯುಧಗಳು ಆಮೇಲೆ ನಿಮ್ಮದೇ ತಾಲ್ಲೂಕಿನ ಕಾಡಿನಲ್ಲಿ ಸಿಕ್ಕವು. ಫೆಬ್ರವರಿ ಮೊದಲಲ್ಲಿ ಉಳಿದ ಇಬ್ಬರೂ ಬಂದರು. ಇಲ್ಲಿ ಶೇಕಡಾವಾರು ಲೆಕ್ಕ ಹಾಕುವುದು ಅರ್ಥವಿಲ್ಲದ ಕೆಲಸ. ನೋಡಬೇಕಾದದ್ದು ಹೊಸ ಹೆಸರು ಸೇರಿದೆಯೇ ಎಂಬುದೊಂದನ್ನು. ಮಲೆನಾಡಿನ ಯುವಕ ಯುವತಿಯರು ಆ ದಾರಿ ಹಿಡಿಯಲು ದೊಡ್ಡ ಕಾರಣ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಭಯವಾಗಿತ್ತು. ಆದ್ದರಿಂದ ಪೊಲೀಸ್ ಅಂಕಿಯ ಜೊತೆ ಅರಣ್ಯ ಹಕ್ಕು ಅರ್ಜಿಗಳ ಪುಟವನ್ನೂ ತೆರೆಯಬೇಕು: ಬಂದದ್ದೆಷ್ಟು, ಕಾರಣ ಬರೆದು ತಿರಸ್ಕರಿಸಿದ್ದೆಷ್ಟು, ಕಾರಣವಿಲ್ಲದೆ ಬಾಕಿ ಉಳಿದದ್ದೆಷ್ಟು.

ಪ್ರಶ್ನೆ: ಈಗ ಉಪಗ್ರಹ ಚಿತ್ರ, ಡ್ರೋನ್, ಕೃತಕ ಬುದ್ಧಿಮತ್ತೆ ಎಲ್ಲ ಇದೆ. ಒಂದು ಒಳ್ಳೆಯ ಡ್ಯಾಶ್‌ಬೋರ್ಡ್ ಮಾಡಿದರೆ ಸಾಲದೇ? (ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್)

1967ರಲ್ಲೇ ಮಾಡಿದ್ದರು. ವಿಯೆಟ್ನಾಂನ ‘ಹ್ಯಾಮ್ಲೆಟ್ ಇವ್ಯಾಲ್ಯುಯೇಷನ್ ಸಿಸ್ಟಂ’ 12 ಸಾವಿರಕ್ಕೂ ಹೆಚ್ಚು ಊರುಕೇರಿಗಳಿಗೆ ಪ್ರತಿ ತಿಂಗಳೂ ಎ, ಬಿ, ಸಿ, ಡಿ, ಇ ಎಂದು ದರ್ಜೆ ಕೊಟ್ಟು, ಶತ್ರುವಿನ ಹಿಡಿತದಲ್ಲಿದ್ದವಕ್ಕೆ ವಿ ಎಂದು ಗುರುತಿಸಿ, ಎಲ್ಲವನ್ನೂ ಕಂಪ್ಯೂಟರ್‌ಗೆ ತುಂಬುತ್ತಿತ್ತು. 18 ಸೂಚಕಗಳು, ಅರ್ಧ ಭದ್ರತೆಯವು, ಅರ್ಧ ಅಭಿವೃದ್ಧಿಯವು. 1967ರ ಕೊನೆಗೆ ಜನಸಂಖ್ಯೆಯ ಶೇ 67ರಷ್ಟು ‘ಸಾಕಷ್ಟು ಸುರಕ್ಷಿತ’ ಎಂದು ಅದು ತೋರಿಸಿತು. ಕೆಲವೇ ವಾರಗಳಲ್ಲಿ ಟೆಟ್ ದಾಳಿ.

ತಪ್ಪಿದ್ದು ಎಲ್ಲಿ? ನಮೂನೆ ತುಂಬುತ್ತಿದ್ದವರು ಜಿಲ್ಲೆಗೊಬ್ಬ ಅಮೆರಿಕನ್ ಸಲಹೆಗಾರ, ಹೆಚ್ಚಿನವರಿಗೆ ಭಾಷೆ ಬಾರದು, ಒಂದು ವರ್ಷಕ್ಕೆ ಊರಿಗೆ ವಾಪಸ್. ತನ್ನ ಅವಧಿಯಲ್ಲಿ ದರ್ಜೆ ಏರಿದ್ದನ್ನು ತೋರಿಸುವ ಒತ್ತಡ ಅವನ ಮೇಲೆ. ಜೊತೆಗೆ ‘ಸಿ’ ದರ್ಜೆಯನ್ನೂ ಸುರಕ್ಷಿತ ಎಂದು ಕೂಡಿಸಿದ್ದರು. ಹಗಲು ಸರ್ಕಾರದ್ದು, ರಾತ್ರಿ ಯಾರದೆಂದು ಹೇಳಲಾಗದ ಊರುಗಳು ಆ ದರ್ಜೆಯಲ್ಲಿದ್ದವು. 1970ರ ಸುಮಾರಿಗೆ ಒಂದು ಒಳ್ಳೆಯ ತಿದ್ದುಪಡಿ ಬಂತು: ಸಲಹೆಗಾರನಿಗೆ ದರ್ಜೆ ಕೇಳುವುದನ್ನು ಬಿಟ್ಟು, ಕಣ್ಣಿಗೆ ಕಂಡದ್ದನ್ನಷ್ಟೇ ಕೇಳಿ, ಅದನ್ನು ದರ್ಜೆಯಾಗಿಸುವ ಸೂತ್ರವನ್ನು ಕೇಂದ್ರ ಕಚೇರಿಯಲ್ಲೇ ಇಟ್ಟುಕೊಂಡರು. ನಿಮ್ಮ ಡ್ಯಾಶ್‌ಬೋರ್ಡ್‌ಗೂ ಇದೇ ನಿಯಮ ಹಾಕಿ. ನೋಡುವವನು ಅಂಕ ಕೊಡಬಾರದು, ಅಂಕ ಪಡೆಯುವವನು ನೋಡಬಾರದು.

ಉಪಗ್ರಹಕ್ಕೆ ರಾತ್ರಿ ದೀಪ, ಹೊಸ ಚಾವಣಿ, ರಸ್ತೆ ಕಾಣುತ್ತದೆ. ರಾತ್ರಿ ಬಾಗಿಲು ತಟ್ಟಿದವರು ಯಾರೆಂದು ಕಾಣುವುದಿಲ್ಲ. ಎಣಿಕೆ ಕಹಿಯಾದಾಗ ಎಣಿಕೆಯನ್ನೇ ನಿಲ್ಲಿಸುವುದನ್ನು ತಂತ್ರಜ್ಞಾನ ತಡೆಯುವುದೂ ಇಲ್ಲ. 2012ರಲ್ಲಿ ಅಫ್ಘಾನಿಸ್ತಾನದಲ್ಲಿ ಶತ್ರು ದಾಳಿ ಶೇ 7ರಷ್ಟು ಇಳಿದಿದೆ ಎಂದಿದ್ದ ನ್ಯಾಟೊ ಪಡೆ, ಮರುವರ್ಷ ಅದು ಲೆಕ್ಕದ ತಪ್ಪೆಂದು ಒಪ್ಪಿ, ಆಮೇಲೆ ಆ ಅಂಕಿ ಪ್ರಕಟಿಸುವುದನ್ನೇ ಬಿಟ್ಟಿತು. 2018ರ ಅಕ್ಟೋಬರ್‌ನಲ್ಲಿ 407 ಜಿಲ್ಲೆಗಳಲ್ಲಿ ಶೇ 53.8 ಮಾತ್ರ ಸರ್ಕಾರದ ಹಿಡಿತ ಅಥವಾ ಪ್ರಭಾವದಲ್ಲಿವೆ ಎಂದು ಲೆಕ್ಕ ಬಂದ ಬಳಿಕ ಜಿಲ್ಲಾವಾರು ಮೌಲ್ಯಮಾಪನವೂ ನಿಂತಿತು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಬಿತ್ತು. ಪ್ರಕಟಣೆ ನಿಂತ ಅಂಕಿಯನ್ನು ಪತ್ರಕರ್ತರೂ ಶಾಸಕರೂ ಕೆಟ್ಟ ಅಂಕಿಯೆಂದೇ ಎಣಿಸಬೇಕು.

ಪ್ರಶ್ನೆ: ಚುನಾವಣೆಯಲ್ಲಿ ಜನ ಮತ ಹಾಕಿದರೆ ಅದೇ ಗೆಲುವಿನ ಗುರುತಲ್ಲವೇ? (ರಾಯಚೂರಿನ ಓದುಗರು)

ಒಳ್ಳೆಯ ಗುರುತು, ಆದರೆ ಒಂಟಿಯಾಗಿ ಓದಬಾರದು. ಖಾಲಿಸ್ತಾನಿ ಉಗ್ರವಾದದಿಂದ ನಲುಗಿದ್ದ ಪಂಜಾಬಿನಲ್ಲಿ 1992ರ ಫೆಬ್ರವರಿಯ ವಿಧಾನಸಭೆ ಚುನಾವಣೆಯಲ್ಲಿ ಶೇ 24ರಷ್ಟು ಮತದಾನ; 1993ರ ಜನವರಿಯ ಪಂಚಾಯಿತಿ ಚುನಾವಣೆಯಲ್ಲಿ ಶೇ 80 ದಾಟಿತು. ಹನ್ನೊಂದು ತಿಂಗಳಲ್ಲಿ ಭಯ ಕರಗಿದ್ದು ನಿಜ. ಆದರೆ 1992ರಲ್ಲಿ ಅಕಾಲಿ ಗುಂಪುಗಳಲ್ಲಿ ಹೆಚ್ಚಿನವು ಬಹಿಷ್ಕಾರ ಹಾಕಿದ್ದವು. ಆ ಶೇ 24ರಲ್ಲಿ ಭಯವೂ ಇತ್ತು, ರಾಜಕೀಯ ನಿರ್ಧಾರವೂ ಇತ್ತು. ಅಂಕಿ ಕೇಳುವಾಗ ಬೂತ್‌ಗಳನ್ನು ಎಷ್ಟು ದೂರ ಸ್ಥಳಾಂತರಿಸಿದ್ದರು, ಎಷ್ಟು ಅಭ್ಯರ್ಥಿಗಳು ಊರೊಳಗೆ ಹೋಗಿ ಪ್ರಚಾರ ಮಾಡಿದರು ಎಂದೂ ಕೇಳಿ. ಪಂಚಾಯಿತಿಗೆ ಗೆದ್ದ ಸದಸ್ಯ ಊರಲ್ಲೇ ಮಲಗುತ್ತಾನೆಯೇ ಎಂಬುದು ಮತದಾನಕ್ಕಿಂತ ಗಟ್ಟಿ ಸಾಕ್ಷ್ಯ.

ಪ್ರಶ್ನೆ: ಎದುರಾಳಿಯನ್ನೇ ಅಳೆಯುತ್ತೇವೆ. ನಮ್ಮ ಪಡೆಯ ಬಲ ಅಳೆಯುವುದು ಹೇಗೆ? (ಬೆಳಗಾವಿಯ ಓದುಗರು)

ಹಾಜರಿ ಪುಸ್ತಕದಿಂದಲ್ಲ. 2014ರಲ್ಲಿ ಇರಾಕಿನ ಮೊಸುಲ್ ನಗರ ಐಸಿಸ್ ಕೈಗೆ ಬಿದ್ದ ಮೇಲೆ, ಕೆಲಸಕ್ಕೇ ಬಾರದೆ ಸಂಬಳ ಪಡೆಯುತ್ತಿದ್ದ 50,000 ‘ಭೂತ ಸೈನಿಕರು’ ಸಿಕ್ಕರೆಂದು ಇರಾಕಿನ ಪ್ರಧಾನಿಯೇ ಹೇಳಿದರು. ಕಾಬೂಲ್ ಸರ್ಕಾರದ ಮೂರು ಲಕ್ಷದ ಪಡೆಯಲ್ಲೂ ದೊಡ್ಡ ಪಾಲು ಕಾಗದದ ಮೇಲೆ ಮಾತ್ರ ಇತ್ತು. ಸಂಬಳ ನೇರ ಬ್ಯಾಂಕಿಗೆ ಹೋಗಲಿ, ಬೆರಳಚ್ಚು ಇರಲಿ. ಜೊತೆಗೆ ರಜೆ ಮುಗಿದ ಮೇಲೆ ಎಷ್ಟು ಮಂದಿ ಹಿಂತಿರುಗಿದರು, ಗಾಯಾಳುವನ್ನು ಎಷ್ಟು ಹೊತ್ತಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು, ಹೊರಗಿನ ನೆರವಿಲ್ಲದೆ ಎಷ್ಟು ರಾತ್ರಿ ಹೊರಗೆ ಉಳಿದರು ಎಂಬುದನ್ನು ನೋಡಿ. ಗಾಯಾಳುವಿಗೆ ಹೆಲಿಕಾಪ್ಟರ್ ಬರುತ್ತದೆಂಬ ನಂಬಿಕೆ ಇರುವ ಪಡೆ ದೂರ ಹೋಗುತ್ತದೆ, ಇಲ್ಲದ ಪಡೆ ಕ್ಯಾಂಪಿನ ಸುತ್ತಲೇ ಸುತ್ತುತ್ತದೆ.

ಪ್ರಶ್ನೆ: ಮುಗಿಯಿತು ಎಂದು ಯಾವಾಗ ಹೇಳಬಹುದು? (ಮಂಗಳೂರಿನ ಓದುಗರು)

ವಿಶೇಷ ವ್ಯವಸ್ಥೆ ತೆಗೆದ ಮೇಲೂ ಪರಿಸ್ಥಿತಿ ನಿಂತಾಗ. ಮಲಯಾದಲ್ಲಿ ಇದಕ್ಕೆ ಕ್ರಮಬದ್ಧ ದಾರಿ ಹುಡುಕಿದ್ದರು. 1953ರ ಸೆಪ್ಟೆಂಬರ್‌ನಲ್ಲಿ ಮಲಕ್ಕಾದ ಒಂದು ಭಾಗವನ್ನು ಮೊದಲ ‘ಬಿಳಿ ಪ್ರದೇಶ’ ಎಂದು ಘೋಷಿಸಿ ಕರ್ಫ್ಯೂ, ಆಹಾರ ನಿಯಂತ್ರಣ ಎಲ್ಲ ಸಡಿಲಿಸಿದರು. ಅದು ಕೆಡದೆ ಉಳಿದದ್ದನ್ನು ನೋಡಿಕೊಂಡು ಮುಂದಿನ ಪ್ರದೇಶಕ್ಕೆ ಹೋದರು. ಪೂರ್ತಿ ಮುಗಿದದ್ದು 1960ರ ಜುಲೈ 31ಕ್ಕೆ, ಏಳು ವರ್ಷದ ಬಳಿಕ. ತ್ರಿಪುರಾದಲ್ಲಿ 1997ರಲ್ಲಿ ಬಂದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು 2015ರ ಮೇಯಲ್ಲಿ ತೆಗೆದರು. ಹೋರಾಟ ಅಲ್ಲಿ ಮತ್ತೆ ಹಿಂದಿನ ರೂಪಕ್ಕೆ ಬರಲಿಲ್ಲ.

ಬಸ್ತರ್‌ಗೆ ಕೇಂದ್ರ ಗೃಹ ಸಚಿವರು 2026ರ ಮಾರ್ಚ್ 31ರ ಗಡುವು ಹಾಕಿದ್ದರು. ಗಡುವು ಪಡೆಗಳನ್ನು ಚುರುಕು ಮಾಡುತ್ತದೆ, ಆದರೆ ಅಂಕಿಗಳನ್ನೂ ಅದೇ ತಾರೀಖಿನ ಕಡೆಗೆ ಎಳೆಯುತ್ತದೆ. ಗಡುವಿನ ಹಿಂದಿನ ಮೂರು ತಿಂಗಳ ಲೆಕ್ಕಕ್ಕಿಂತ ಅದು ದಾಟಿದ ಮೇಲಿನ ಹನ್ನೆರಡು ತಿಂಗಳ ಲೆಕ್ಕಕ್ಕೆ ತೂಕ ಹೆಚ್ಚು. ಮಾಡಬೇಕಾದದ್ದು ಇಷ್ಟು: ಒಂದು ಬ್ಲಾಕ್ ಆರಿಸಿ, ಕೇಂದ್ರ ಪಡೆಯ ಕಂಪನಿಗಳನ್ನು ಹಂತಹಂತವಾಗಿ ಹಿಂದೆ ಕರೆಸಿ, ಒಂದು ಬೇಸಿಗೆ ಪೂರ್ತಿ ಠಾಣೆಯ ಪೊಲೀಸರ ಕೈಗೆ ಬಿಡಬೇಕು. ಆ ಅವಧಿಯಲ್ಲಿ ಸುಳಿವಿನ ಪುಸ್ತಕ, ಬಸ್ಸಿನ ವೇಳೆ, ಹೊಸ ಭರ್ತಿಯ ಹೆಸರು ಈ ಮೂರನ್ನು ಬೇರೆ ಇಲಾಖೆಯವರಿಂದ ಬರೆಸಬೇಕು. ಹಳ್ಳಿಯವರು ಜಗಳ, ಕಳವು, ಜಮೀನಿನ ತಕರಾರುಗಳಿಗೂ ಠಾಣೆಗೆ ಬರತೊಡಗಿದರೆ ಎಫ್‌ಐಆರ್ ಸಂಖ್ಯೆ ಏರುತ್ತದೆ. ಆ ಏರಿಕೆಯನ್ನು ಅಪರಾಧ ಹೆಚ್ಚಿತು ಎಂದು ಬರೆಯದಂತೆ ಠಾಣಾಧಿಕಾರಿಗೆ ಮೊದಲೇ ಹೇಳಿಡಬೇಕು.